ತಾನೇ ನೆಟ್ಟಗಾಗುವ ಗಾಲಿ

ಕಾರವಾರದಿಂದ ದಕ್ಷಿಣಕ್ಕೆ, ಅಂಕೋಲೆಯ ಕಡೆಗೆ ಹೊರಟ ವಾಹನಕ್ಕೆ ಊರನ್ನು ದಾಟಿದೊಡನೆ ಗುಡ್ಡವೊಂದು ಎದುರಾಗುತ್ತದೆ. ಒಂದು ಮಗ್ಗುಲಲ್ಲಿ ಅರಬೀ ಸಮುದ್ರ. ಮತ್ತೊಂದು ಮಗ್ಗುಲಲ್ಲಿ ಸಹ್ಯಾದ್ರಿಯ ಚಾಚು. ಗುಡ್ಡದ ಆಚೆಯ ಇಳಿಜಾರಿನಲ್ಲಿ ಬಿಣಗಾ ಇದೆ. ಹಿಂದೆ 17 ಎಂಬ ಸಂಖ್ಯೆಯಿದ್ದು ಈಗ 66 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ಹಾದುಹೋಗುತ್ತದೆ. ಗುಡ್ಡದಲ್ಲಿ ಸುರಂಗ ಕೊರೆಯುವುದಕ್ಕೆ ಮುನ್ನ ಇಲ್ಲಿನ ವಾಹನಗಳೆಲ್ಲ ತಿರುವುಗಳ ದಾರಿಯನ್ನೇ ಹಿಡಿಯಬೇಕಾಗಿತ್ತು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಅಂಥ ದಾರಿಯು ಚಾಲಕನ ಕೈಗೂ ವಾಹನದ ಗಾಲಿಗೂ ಸಮನಾದ ಪರೀಕ್ಷೆಯೇ ಸರಿ.

ಇಂಥ ತಿರುವಿನಲ್ಲಿ ಅನುಭವಿಯಾದ ಚಾಲಕನ ಕೈಗಳನ್ನು ಗಮನಿಸಬೇಕು. ತಿರುವನ್ನು ಪ್ರವೇಶಿಸುವಾಗ ಅವನು ಸ್ಟೀರಿಂಗನ್ನು ಬಲವಾಗಿ ತಿರುಗಿಸುತ್ತಾನೆ. ತಿರುವು ಮುಗಿಯುತ್ತ ಬಂದಾಗ ಅದನ್ನು ಮತ್ತೆ ಹಿಂದಕ್ಕೆ ತಿರುಗಿಸುವ ಗೋಜಿಗೆ ಹೋಗುವುದಿಲ್ಲ; ಹಿಡಿತವನ್ನು ತುಸು ಸಡಿಲಿಸುತ್ತಾನೆ, ಅಷ್ಟೆ. ಸ್ಟೀರಿಂಗ್ ಅವನ ಅಂಗೈಯೊಳಗೆ ಜಾರುತ್ತ ತಾನಾಗಿಯೇ ಹಿಂದಿರುಗಿ, ಗಾಲಿಗಳು ನೆಟ್ಟಗಾಗುತ್ತವೆ. ದಿನವೂ ಬಸ್ಸಿನಲ್ಲಿ ಚಾಲಕನ ಹಿಂದಿನ ಆಸನದಲ್ಲಿ ಕುಳಿತು ಶಾಲೆಗೆ ಹೋಗುವ ವಿದ್ಯಾರ್ಥಿಯೂ ಇದನ್ನು ಕಂಡಿರುತ್ತಾನೆ. ಆದರೆ ಅದನ್ನು ಹಿಂದಕ್ಕೆ ತಿರುಗಿಸಿದವರು ಯಾರು ಎಂಬ ಪ್ರಶ್ನೆ ಬಹುಮಂದಿಗೆ ಹೊಳೆಯುವುದಿಲ್ಲ.

ಸ್ಟೀರಿಂಗಿನ ಕಂಬದೊಳಗೆ ಎಲ್ಲಿಯೋ ಒಂದು ಸ್ಪ್ರಿಂಗ್ ಅಡಗಿದ್ದು, ಬಾಗಿಲನ್ನು ಮುಚ್ಚುವ ಸ್ಪ್ರಿಂಗಿನಂತೆ ಅದೇ ಈ ಕೆಲಸವನ್ನು ಮಾಡುತ್ತಿರಬೇಕೆಂದು ಹಲವರು ತಿಳಿಯುತ್ತಾರೆ. ಸಾಮಾನ್ಯ ಕಾರಿನಲ್ಲಿ ಅಂಥ ಸ್ಪ್ರಿಂಗ್ ಇರುವುದಿಲ್ಲ. ಗಾಲಿಯನ್ನು ಹಿಂದಿರುಗಿಸುವುದು ರಸ್ತೆಯೇ. ಗಾಲಿಯು ಯಾವ ಅಕ್ಷದ ಸುತ್ತ ಎಡಕ್ಕೆ ಬಲಕ್ಕೆ ಹೊರಳುತ್ತದೆಯೋ ಆ ಅಕ್ಷವನ್ನು ಎಂಜಿನಿಯರನು ಉದ್ದೇಶಪೂರ್ವಕವಾಗಿ ಓರೆಯಾಗಿ ನಿಲ್ಲಿಸಿರುತ್ತಾನೆ. ಆ ಓರೆಯೇ ಈ ಗುಣದ ಮೂಲ.

ಸಮುದ್ರತೀರದ ಮಕ್ಕಳಿಗೆ ಇದನ್ನು ತಿಳಿಸಲು ದೋಣಿಯ ಚುಕ್ಕಾಣಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ದೋಣಿಯ ಹಿಂಭಾಗಕ್ಕೆ ಕೀಲಿನಿಂದ ತಗಲಿಸಿದ ಚುಕ್ಕಾಣಿಯ ಹಲಗೆಯು ಕೀಲಿನ ಹಿಂದಕ್ಕೆ ಚಾಚಿಕೊಂಡಿರುತ್ತದೆ. ದೋಣಿ ಮುಂದಕ್ಕೆ ಸಾಗುತ್ತಿರುವಾಗ ಚುಕ್ಕಾಣಿಯ ಹಿಡಿಯನ್ನು ಬಿಟ್ಟರೆ ಹರಿಯುವ ನೀರು ಹಲಗೆಯನ್ನು ಒತ್ತಿ ತನ್ನ ದಿಕ್ಕಿಗೆ ತರುತ್ತದೆ. ಕೀಲು ಮುಂದೆ, ಒತ್ತಡ ಹಿಂದೆ. ಇದಿಷ್ಟೇ ಅದರ ಗುಟ್ಟು. ಆಸ್ಪತ್ರೆಯ ತಳ್ಳುಗಾಡಿಯ ಪುಟ್ಟ ಗಾಲಿಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ಗಾಡಿಯನ್ನು ಯಾವ ದಿಕ್ಕಿಗೆ ತಳ್ಳಿದರೂ ಗಾಲಿಯು ತನ್ನ ಕೀಲಿನ ಹಿಂದೆ ಬಂದು, ಕರುವು ತಾಯಿಯನ್ನು ಹಿಂಬಾಲಿಸುವಂತೆ ಹಿಂಬಾಲಿಸುತ್ತದೆ. ಅಂಥ ಗಾಲಿಗೆ ಕ್ಯಾಸ್ಟರ್ ಎಂದು ಹೆಸರು. ಕಾರಿನ ಮುಂಗಾಲಿಯ ಅಕ್ಷದ ಓರೆಗೂ ಇದೇ ಹೆಸರು ನಿಂತಿದೆ.

ಮನೆಯ ಬೈಸಿಕಲ್ಲಿನಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ನೋಡಬಹುದು. ಹ್ಯಾಂಡಲ್ ಕೂಡಿಕೊಂಡಿರುವ ಕೊಳವೆಯು ಲಂಬವಾಗಿಲ್ಲ. ಅದರ ಮೇಲ್ತುದಿ ಸವಾರನ ಕಡೆಗೆ ವಾಲಿದೆ. ಆ ಕೊಳವೆಯ ನೇರದಲ್ಲಿ ಒಂದು ಗೆರೆಯನ್ನು ನೆಲದವರೆಗೆ ಎಳೆದೆವೆಂದು ಭಾವಿಸಿದರೆ ಅದು ಗಾಲಿಯು ನೆಲವನ್ನು ಮುಟ್ಟುವ ಬಿಂದುವಿಗಿಂತ ಮುಂದೆ, ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಮುಂದೆ, ನೆಲವನ್ನು ಸೇರುತ್ತದೆ. ಈ ಎರಡು ಬಿಂದುಗಳ ನಡುವಣ ಅಂತರವೇ ಟ್ರೇಲ್, ಅಂದರೆ ಗಾಲಿಯು ಹಿಂದುಳಿಯುವ ಅಂತರ. ಬೈಸಿಕಲ್ಲಿನ ಆಸನವನ್ನು ಮಾತ್ರ ಹಿಡಿದು ಮುಂದಕ್ಕೆ ತಳ್ಳಿದರೆ ಮುಂಗಾಲಿ ನೆಟ್ಟಗೆ ಓಡುತ್ತದೆ. ಹಾಗೆಯೇ ಹಿಂದಕ್ಕೆ ಎಳೆದರೆ ಗಾಲಿಯು ಥಟ್ಟನೆ ಒಂದು ಪಕ್ಕಕ್ಕೆ ಹೊರಳಿ ಅಡ್ಡಬೀಳುತ್ತದೆ. ಮುಂದಕ್ಕೆ ಹೋಗುವಾಗ ಹಿಂಬಾಲಕನಾಗಿದ್ದ ಗಾಲಿ, ಹಿಂದಕ್ಕೆ ಬರುವಾಗ ಮುಂದಾಳಾಗಿಬಿಟ್ಟದ್ದೇ ಇದಕ್ಕೆ ಕಾರಣ. ಕಾರನ್ನು ಹಿಮ್ಮುಖವಾಗಿ ವೇಗದಲ್ಲಿ ಓಡಿಸುವಾಗ ಸ್ಟೀರಿಂಗ್ ಕೈಮೀರಿ ಹೊರಳಲೆಳಸುವುದೂ ಇದರಿಂದಲೇ.

ಕಾರಿನ ಒಂದೊಂದು ಮುಂಗಾಲಿಯೂ ಮೇಲೊಂದು ಕೆಳಗೊಂದು ಕೀಲನ್ನು ಆಧರಿಸಿ ಹೊರಳುತ್ತದೆ. ಮೇಲಿನ ಕೀಲನ್ನು ಕೆಳಗಿನದಕ್ಕಿಂತ ತುಸು ಹಿಂದೆ ಇಟ್ಟರೆ, ಎರಡನ್ನೂ ಸೇರಿಸುವ ಗೆರೆಯು ಬೈಸಿಕಲ್ಲಿನ ಕೊಳವೆಯಂತೆಯೇ ವಾಲುತ್ತದೆ. ಲಂಬರೇಖೆಯಿಂದ ಅದು ಎಷ್ಟು ಡಿಗ್ರಿ ವಾಲಿದೆಯೋ ಅದೇ ಕ್ಯಾಸ್ಟರ್ ಕೋನ. ನೆಲದಿಂದ ಗಾಲಿಯ ನಡುವಿನ ಎತ್ತರ 28 ಸೆಂಟಿಮೀಟರ್ ಇರುವ ಕಾರಿನಲ್ಲಿ ಈ ಕೋನ 3 ಡಿಗ್ರಿಯಾದರೆ ಟ್ರೇಲ್ ಸುಮಾರು 15 ಮಿಲಿಮೀಟರ್ ಆಗುತ್ತದೆ. 5 ಡಿಗ್ರಿಯಾದರೆ 24ಕ್ಕಿಂತ ತುಸು ಹೆಚ್ಚು. 8 ಡಿಗ್ರಿಯಾದರೆ 39. ಬೆರಳಿನ ಅಗಲದಷ್ಟು ಈ ಅಂತರವೇ ಒಂದು ಟನ್ ತೂಕದ ವಾಹನದ ನಡತೆಯನ್ನು ನಿರ್ಧರಿಸುತ್ತದೆ.

ಕ್ಯಾಸ್ಟರ್ ಜೊತೆಗೆ ಇನ್ನೂ ಎರಡು ಶಕ್ತಿಗಳು ಕೈಗೂಡಿಸುತ್ತವೆ. ಗಾಲಿಯ ಹೊರಳುವ ಅಕ್ಷವು ಹಿಂದಕ್ಕೆ ಮಾತ್ರವಲ್ಲದೆ ಕಾರಿನ ಒಳಭಾಗದ ಕಡೆಗೂ ವಾಲಿರುತ್ತದೆ. ಇದಕ್ಕೆ ಕಿಂಗ್‌ಪಿನ್ ಓರೆ ಎನ್ನುತ್ತಾರೆ. ಈ ಓರೆಯ ಫಲವಾಗಿ ಗಾಲಿಯು ಯಾವ ಕಡೆಗೆ ಹೊರಳಿದರೂ ನೆಲದೊಳಕ್ಕೆ ಇಳಿಯಲು ಯತ್ನಿಸುತ್ತದೆ. ನೆಲ ದಾರಿ ಬಿಡುವುದಿಲ್ಲವಾದ್ದರಿಂದ ಕಾರೇ ಕೂದಲೆಳೆಯಷ್ಟು ಮೇಲೇಳಬೇಕಾಗುತ್ತದೆ. ಎದ್ದ ಕಾರು ತನ್ನ ಭಾರದಿಂದ ಮತ್ತೆ ಕೆಳಗಿಳಿಯುವಾಗ ಗಾಲಿಗಳು ನೆಟ್ಟಗಾಗುತ್ತವೆ. ಕ್ಯಾಸ್ಟರ್ ಕೆಲಸಮಾಡಲು ವೇಗ ಬೇಕು. ಕಿಂಗ್‌ಪಿನ್ ಓರೆಗೆ ಭಾರವೊಂದಿದ್ದರೆ ಸಾಕು. ಆಮೆಯ ನಡಿಗೆಯಲ್ಲಿ ತಿರುಗುವ ಕಾರನ್ನು ನೆಟ್ಟಗಾಗಿಸುವುದು ಬಹುಪಾಲು ಇದೇ. ಮೂರನೆಯ ಶಕ್ತಿ ಟೈರಿನದು. ತಿರುವಿನಲ್ಲಿ ಟೈರಿನ ರಬ್ಬರು ನೆಲಕ್ಕೆ ಒತ್ತಿದ ಜಾಗದಲ್ಲಿ ಓರೆಯಾಗಿ ಎಳೆಯಲ್ಪಡುತ್ತದೆ. ಆ ಎಳೆತ ಒತ್ತಿದ ಜಾಗದ ನಡುವಿಗಿಂತ ಅದರ ಹಿಂಭಾಗದಲ್ಲಿ ಹೆಚ್ಚಾಗಿರುತ್ತದೆ. ಆದ್ದರಿಂದ ಅಕ್ಷಕ್ಕೆ ಯಾವ ಓರೆಯೂ ಇಲ್ಲದಿದ್ದರೂ ಟೈರು ತಾನೇ ಸ್ವಲ್ಪಮಟ್ಟಿಗೆ ಗಾಲಿಯನ್ನು ನೇರಕ್ಕೆ ತರುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ತಯಾರಾದ ಕಾರುಗಳಲ್ಲಿ ಈ ಮೂರನ್ನೂ ಹೊಂದಿಸಿಯೇ ಕೊಡುತ್ತಾರೆ. ಕೊಂಡವನಿಗೆ ಇದರ ಚಿಂತೆ ಇರುವುದಿಲ್ಲ. ಆದರೆ ಕಾರನ್ನು ಸ್ವಂತ ಕೈಯಿಂದ ಕಟ್ಟುವವರಿಗೆ ಇದು ದೊಡ್ಡ ತಲೆನೋವು. ಇಂಗ್ಲೆಂಡಿನಲ್ಲಿ 1957ರಲ್ಲಿ ಲೋಟಸ್ ಕಂಪನಿಯು ಸೆವೆನ್ ಎಂಬ ಪುಟ್ಟ ಕಾರನ್ನು ಹೊರತಂದು, ಅದನ್ನು ಬಿಡಿಭಾಗಗಳ ಕಟ್ಟಾಗಿಯೂ ಮಾರತೊಡಗಿತು. ಇಡಿಯ ಕಾರಿಗೆ ಇದ್ದ ಮಾರಾಟ ತೆರಿಗೆ ಬಿಡಿಭಾಗಗಳಿಗೆ ಇಲ್ಲದಿದ್ದುದರಿಂದ ಕೊಳ್ಳುವವರು ಅವನ್ನು ಮನೆಗೆ ತಂದು ತಾವೇ ಜೋಡಿಸಿಕೊಳ್ಳುತ್ತಿದ್ದರು. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ತೆರಿಗೆ ಬೀಳುತ್ತಿತ್ತಾದ್ದರಿಂದ ಬಿಚ್ಚುವ ಕ್ರಮವನ್ನು ಬರೆದುಕೊಟ್ಟು, ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಲು ಬಿಡುತ್ತಿದ್ದರೆಂಬ ಸ್ವಾರಸ್ಯದ ಮಾತೂ ಪ್ರಚಾರದಲ್ಲಿದೆ. 1973ರಲ್ಲಿ ಈ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬಾತನು ಹಳೆಯ ಫೋರ್ಡ್ ಕಾರಿನ ಭಾಗಗಳಿಂದ ಇಂಥದೇ ಕಾರನ್ನು ಅಗ್ಗದಲ್ಲಿ ಕಟ್ಟುವ ವಿಧಾನವನ್ನು ಪುಸ್ತಕವಾಗಿ ಬರೆದ ಮೇಲಂತೂ ಈ ಹವ್ಯಾಸ ಹಲವು ದೇಶಗಳಿಗೆ ಹಬ್ಬಿತು.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ ಪ್ರಯತ್ನವೆಂದರೆ ಬೆಂಗಳೂರಿನದು. ಅಲ್ಲಿನ ಸನ್‌ರೈಸ್ ಆಟೊಮೋಟಿವ್ ಎಂಬ ಸಣ್ಣ ಸಂಸ್ಥೆ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಕಾರನ್ನು ತಯಾರಿಸಿತು. ಮುಂದೆ ಸಿಪಾನಿ ಎಂದು ಹೆಸರಾದ ಅದೇ ಸಂಸ್ಥೆ 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ, ಫೈಬರ್ ಗ್ಲಾಸಿನ ಮೈಯುಳ್ಳ ಹಗುರವಾದ ಡಾಲ್ಫಿನ್ ಕಾರನ್ನು ಹೊರತಂದಿತು. ಇಂದು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಚೌಕಟ್ಟನ್ನು ಬೆಸೆದು, ಗಾಲಿಗಳನ್ನು ಜೋಡಿಸಿ, ಬಾಹಾ ಎಸ್‌ಎಇ ಇಂಡಿಯಾ ಮುಂತಾದ ಸ್ಪರ್ಧೆಗಳಿಗೆ ಕಾರುಗಳನ್ನು ಒಯ್ಯುತ್ತಿದ್ದಾರೆ. ಹೀಗೆ ಕಟ್ಟಿದ ವಾಹನವನ್ನು ನಮ್ಮ ದೇಶದಲ್ಲಿ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಅದಕ್ಕೆ ನಿಯಮಾನುಸಾರವಾದ ಪರೀಕ್ಷೆ, ಒಪ್ಪಿಗೆ, ನೋಂದಣಿ ಬೇಕು. ಆದ್ದರಿಂದ ಅವುಗಳ ಓಟವೆಲ್ಲ ಸ್ಪರ್ಧೆಯ ಅಂಗಳದಲ್ಲಿಯೇ.

ಬಿಣಗಾದ ಹಿತ್ತಿಲೊಂದರಲ್ಲಿ ಅಂಥ ಕಾರೊಂದು ಸಿದ್ಧವಾಯಿತೆಂದು ಭಾವಿಸೋಣ. ಉಕ್ಕಿನ ಕೊಳವೆಗಳ ಚೌಕಟ್ಟು ಹೊಸದು. ಮುಂಗಾಲಿಗಳನ್ನು ಹೊರುವ ಎರಕದ ಭಾಗಗಳು ಮಾತ್ರ ಗುಜರಿಗೆ ಹೋದ ಯಾವುದೋ ಹಳೆಯ ಕಾರಿನವು. ವಿಶಾಲವಾದ ಬಯಲಿನಲ್ಲಿ ಅದನ್ನು ಮೊದಲ ಬಾರಿಗೆ ಓಡಿಸಿದಾಗ ಎಂಜಿನ್ ಚೆನ್ನಾಗಿದೆ, ಬ್ರೇಕು ಹಿಡಿಯುತ್ತದೆ. ಆದರೆ ತಿರುಗಿಸಿದ ಸ್ಟೀರಿಂಗ್ ತಿರುಗಿಸಿದಲ್ಲಿಯೇ ನಿಂತುಬಿಡುತ್ತದೆ. ಪ್ರತಿಸಲವೂ ಅದನ್ನು ಕೈಯಿಂದಲೇ ನೇರಕ್ಕೆ ತರಬೇಕು. ಬಯಲಿನಲ್ಲಿ ಇದು ಬರಿಯ ಕಿರಿಕಿರಿ. ಮಳೆಗಾಲದ ಇರುಳಿನಲ್ಲಿ, ಎದುರಿನಿಂದ ಲಾರಿ ಬರುತ್ತಿರುವ ಘಟ್ಟದ ತಿರುವಿನಲ್ಲಿ ಚಾಲಕನು ಅರೆಕ್ಷಣ ತಡಮಾಡಿದರೆ ಕಾರು ತಿರುಗುತ್ತಲೇ ಹೋಗುತ್ತದೆ. ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಬ್ರಿಟನ್ನಿನಲ್ಲಿ 1998ರಿಂದ ಜಾರಿಗೆ ಬಂದ ಪರೀಕ್ಷೆಯಲ್ಲಿ ಸ್ಟೀರಿಂಗ್ ತಾನಾಗಿ ಹಿಂದಿರುಗುತ್ತದೆಯೇ ಎಂಬುದನ್ನು ಓಡಿಸಿ ನೋಡುವ ಪದ್ಧತಿಯನ್ನು ಇಟ್ಟದ್ದು ಸುಮ್ಮನೆ ಅಲ್ಲ.

ಹಳೆಯ ಕಾರಿನಲ್ಲಿ ಚೆನ್ನಾಗಿ ಹಿಂದಿರುಗುತ್ತಿದ್ದ ಅದೇ ಗಾಲಿ ಹೊಸ ಚೌಕಟ್ಟಿನಲ್ಲಿ ಏಕೆ ಮುಷ್ಕರ ಹೂಡುತ್ತದೆ? ಕಾರಣ ಭಾರದಲ್ಲಿದೆ. ಹಳೆಯ ಕಾರು ಒಂದು ಟನ್ ತೂಗುತ್ತಿತ್ತು. ಕೈಯಲ್ಲಿ ಕಟ್ಟಿದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚಿರಬಹುದು. ಕಿಂಗ್‌ಪಿನ್ ಓರೆಯು ಭಾರದ ಬಲದಿಂದ ಕೆಲಸಮಾಡುವಂಥದು. ಭಾರ ಅರ್ಧವಾದರೆ ಗಾಲಿಯನ್ನು ಹಿಂದಿರುಗಿಸುವ ಅದರ ಶಕ್ತಿಯೂ ಅರ್ಧವಾಗುತ್ತದೆ. ಆದರೆ ಕೀಲುಗಳ ಬಿಗಿತ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ. ಎರಕದಲ್ಲಿಯೇ ರೂಪುಗೊಂಡಿರುವ ಕಿಂಗ್‌ಪಿನ್ ಓರೆಯನ್ನು ಬದಲಿಸುವಂತಿಲ್ಲ. ಕೈಗೆ ಎಟಕುವುದು ಕ್ಯಾಸ್ಟರ್ ಒಂದೇ.

ಹಾಗೆಂದು ಮೊದಲೇ ಕ್ಯಾಸ್ಟರಿಗೆ ಕೈಹಾಕುವುದು ಆತುರದ ಕೆಲಸ. ಮೊದಲು ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ, ಸ್ಟೀರಿಂಗನ್ನು ಒಂದೇ ಬೆರಳಿನಿಂದ ತಿರುಗಿಸಿ ನೋಡಬೇಕು. ಅದು ಎಲ್ಲಾದರೂ ತೊಡರಿಕೊಂಡರೆ ದೋಷವಿರುವುದು ಕೋನದಲ್ಲಲ್ಲ, ಘರ್ಷಣೆಯಲ್ಲಿ. ಹೊಸ ಬಾಲ್ ಜಾಯಿಂಟುಗಳು ಬಿಗಿಯಾಗಿರಬಹುದು. ಸ್ಟೀರಿಂಗ್ ಕಂಬದ ಬುಶ್ ಕಚ್ಚಿಕೊಂಡಿರಬಹುದು. ಕಂಬದ ನಡುವಿನ ಕೀಲುಗಳನ್ನು ಓರೆಕೋರೆಯಾಗಿ ಕೂರಿಸಿರಬಹುದು. ಗಾಲಿಗಳಿಗೆ ಸೇರುವ ಸರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಕಳ್ಳನು ಸಿಕ್ಕಿಬೀಳುತ್ತಾನೆ. ಅನಂತರ ಎರಡೂ ಟೈರುಗಳ ಗಾಳಿಯನ್ನು ಸಮಮಾಡಬೇಕು. ಮುಂಗಾಲಿಗಳ ಮುಂದಿನ ಅಂಚುಗಳ ನಡುವಣ ಅಂತರವನ್ನೂ ಹಿಂದಿನ ಅಂಚುಗಳ ನಡುವಣ ಅಂತರವನ್ನೂ ಅಳೆದು ಹೋಲಿಸಬೇಕು. ಇಷ್ಟರಿಂದಲೇ ಅನೇಕ ಕಾರುಗಳು ದಾರಿಗೆ ಬರುತ್ತವೆ. ಘರ್ಷಣೆಯನ್ನು ಉಳಿಸಿಕೊಂಡು ಕೋನವನ್ನು ಹೆಚ್ಚಿಸುವುದೆಂದರೆ ಬಾಗಿಲಿನ ತುಕ್ಕುಹಿಡಿದ ತಿರುಗಣಿಗೆ ಎಣ್ಣೆ ಹಾಕದೆ ಬಾಗಿಲನ್ನು ಒದೆಯುವಂತೆ.

ಕ್ಯಾಸ್ಟರ್ ಎಷ್ಟಿದೆಯೆಂದು ಅಳೆಯಲು ಈಗ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಕ್ಯಾಮರಾ ಮತ್ತು ಕಂಪ್ಯೂಟರ್ ಇವೆ. ಆದರೆ ಒಂದು ತೂಗುಗುಂಡು, ಒಂದು ಅಳತೆಪಟ್ಟಿ, ಗ್ರೀಸ್ ಸವರಿದ ನಾಲ್ಕು ತಗಡುಗಳು ಇದ್ದರೂ ಈ ಕೆಲಸ ಸಾಗುತ್ತದೆ. ಒಂದೊಂದು ಗಾಲಿಯ ಕೆಳಗೂ ಎರಡೆರಡು ತಗಡುಗಳನ್ನು ಗ್ರೀಸ್ ನಡುವೆ ಬರುವಂತೆ ಇಟ್ಟರೆ ಗಾಲಿ ಸರಾಗವಾಗಿ ಹೊರಳುತ್ತದೆ. ಗಾಲಿಯನ್ನು ಒಂದು ಕಡೆಗೆ 20 ಡಿಗ್ರಿ ಹೊರಳಿಸಿ, ಅದು ಲಂಬರೇಖೆಯಿಂದ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆಯೆಂದು ತೂಗುಗುಂಡಿನ ದಾರದಿಂದ ನೋಡಬೇಕು. 13 ಅಂಗುಲದ ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಇರುವ ದೂರಗಳಲ್ಲಿ 6 ಮಿಲಿಮೀಟರಿನಷ್ಟು ವ್ಯತ್ಯಾಸ ಬಂದರೆ ಓರೆ ಸುಮಾರು ಒಂದು ಡಿಗ್ರಿ ಎಂದು ತಿಳಿಯಬೇಕು. ಆಮೇಲೆ ಅದೇ ಗಾಲಿಯನ್ನು ಇನ್ನೊಂದು ಕಡೆಗೆ 20 ಡಿಗ್ರಿ ಹೊರಳಿಸಿ ಮತ್ತೆ ನೋಡಬೇಕು. ಈ ಎರಡು ಓರೆಗಳ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಬರುವುದೇ ಕ್ಯಾಸ್ಟರ್. ವ್ಯತ್ಯಾಸವು 4 ಡಿಗ್ರಿಯಾದರೆ ಕ್ಯಾಸ್ಟರ್ ಹೆಚ್ಚುಕಡಮೆ 6 ಡಿಗ್ರಿ.

ಅದನ್ನು ಹೆಚ್ಚಿಸುವ ಬಗೆಯೂ ಸರಳ. ಮೇಲಿನ ಕೀಲನ್ನು ಹಿಡಿದಿರುವ ತೋಳು ಚೌಕಟ್ಟಿಗೆ ಸೇರುವಲ್ಲಿ ವಾಷರುಗಳಿರುತ್ತವೆ. ತೋಳಿನ ಹಿಂದಿರುವ ಒಂದೆರಡು ವಾಷರುಗಳನ್ನು ತೆಗೆದು ಅದರ ಮುಂದೆ ಹಾಕಿದರೆ ತೋಳೂ ಅದರೊಡನೆ ಕೀಲೂ ಹಿಂದಕ್ಕೆ ಸರಿಯುತ್ತವೆ. ಮೇಲಿನ ಮತ್ತು ಕೆಳಗಿನ ಕೀಲುಗಳ ನಡುವೆ 25 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನದನ್ನು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿದಾಗ ಕೋನವು ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಪಟ್ಟೆ ಸ್ಪ್ರಿಂಗುಗಳ ಮೇಲೆ ಇಡಿಯ ಅಚ್ಚು ಕುಳಿತಿರುವ ಲಾರಿಗಳಲ್ಲಿಯೂ ಹಳೆಯ ಜೀಪುಗಳಲ್ಲಿಯೂ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಬೆಣೆಯಾಕಾರದ ತಗಡನ್ನಿಟ್ಟು ಇದೇ ಕೆಲಸವನ್ನು ಸಾಧಿಸುತ್ತಾರೆ.

ಇಲ್ಲಿ ದುರಾಸೆ ಸಲ್ಲದು. ಕ್ಯಾಸ್ಟರ್ ಅತಿಯಾದರೆ ಸ್ಟೀರಿಂಗ್ ಭಾರವಾಗಿ ತೋಳುಗಳು ಸೋಲುತ್ತವೆ; ರಸ್ತೆಯ ಒಂದೊಂದು ಗುಂಡಿಯೂ ಕೈಗೆ ಬಂದು ಬಡಿಯುತ್ತದೆ. ಎರಡು ಗಾಲಿಗಳ ಕ್ಯಾಸ್ಟರ್ ಸಮನಾಗಿರದಿದ್ದರೆ ಕಡಮೆ ಇರುವ ಕಡೆಗೆ ಕಾರು ಎಳೆಯುತ್ತದೆ. ಇದೆಲ್ಲಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಷ್ಟವುಂಟು. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ತಪ್ಪುವ ಹಂತಕ್ಕೆ ಬಂದಾಗ, ಮೇಲೆ ಹೇಳಿದ ಟೈರಿನ ಶಕ್ತಿಯು ಉಳಿದವುಗಳಿಗಿಂತ ಮೊದಲು ಕುಗ್ಗುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದಂತೆ ಭಾಸವಾಗುತ್ತದೆ. ಅದು ಟೈರು ಚಾಲಕನ ಅಂಗೈಗೆ ಕಳುಹಿಸುವ ಎಚ್ಚರಿಕೆ. ಕ್ಯಾಸ್ಟರ್ ವಿಪರೀತವಾದಲ್ಲಿ ಅದರ ಗದ್ದಲದಲ್ಲಿ ಈ ಪಿಸುಮಾತು ಕೇಳಿಸುವುದಿಲ್ಲ. ಕೈಯಿಂದಲೇ ತಿರುಗಿಸುವ ಹಗುರವಾದ ಕಾರಿಗೆ ಐದಾರು ಡಿಗ್ರಿಯ ಆಸುಪಾಸು ಒಳ್ಳೆಯ ಹದವೆಂದು ಹೇಳಬಹುದು.

ಕೆಲವರು ಇಷ್ಟೆಲ್ಲ ಶ್ರಮವನ್ನು ತಪ್ಪಿಸಿಕೊಳ್ಳಲು ಸ್ಟೀರಿಂಗಿನ ಸರಳಿಗೆ ಎರಡು ಕಡೆಯಿಂದಲೂ ಸ್ಪ್ರಿಂಗುಗಳನ್ನು ಬಿಗಿದುಬಿಡುತ್ತಾರೆ. ನೋಡಲು ಎರಡರ ಫಲವೂ ಒಂದೇ. ಬಿಟ್ಟ ಸ್ಟೀರಿಂಗ್ ಹಿಂದಿರುಗುತ್ತದೆ. ಆದರೆ ಹಿಂದಿರುಗಿ ಸೇರುವುದೆಲ್ಲಿಗೆ? ಸ್ಪ್ರಿಂಗ್ ಗಾಲಿಯನ್ನು ಎಳೆದೊಯ್ಯುವುದು ಕಾರಿನ ಮೂತಿಯ ನೇರಕ್ಕೆ. ಕ್ಯಾಸ್ಟರ್ ಒಯ್ಯುವುದು ಕಾರು ನಿಜವಾಗಿ ಸಾಗುತ್ತಿರುವ ದಿಕ್ಕಿಗೆ. ಒಣ ರಸ್ತೆಯಲ್ಲಿ ಇವೆರಡೂ ಒಂದೇ ಆಗಿರುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಮೊದಲ ಮಳೆಗೆ ಧೂಳೂ ಎಣ್ಣೆಯೂ ಕಲಸಿ ಜಾರುವ ತಿರುವಿನಲ್ಲಿ ಕಾರಿನ ಹಿಂಭಾಗವು ಹೊರಕ್ಕೆ ಜಾರಿತೆನ್ನೋಣ. ಆಗ ಮೂತಿ ಒಂದು ಕಡೆಗೆ, ಓಟ ಇನ್ನೊಂದು ಕಡೆಗೆ. ಹಿಂಭಾಗ ಜಾರಿದ ಕಡೆಗೇ ಮುಂಗಾಲಿಗಳನ್ನು ತಿರುಗಿಸಬೇಕೆಂದು ಚಾಲಕರಿಗೆ ಕಲಿಸುತ್ತಾರಷ್ಟೆ. ಕ್ಯಾಸ್ಟರ್ ಇರುವ ಗಾಲಿಗಳು ಯಾರೂ ಹೇಳದೆಯೇ, ದೋಣಿಯ ಚುಕ್ಕಾಣಿಯು ನೀರಿನ ದಿಕ್ಕನ್ನು ಹಿಡಿಯುವಂತೆ, ಆ ಕಡೆಗೆ ಹೊರಳತೊಡಗುತ್ತವೆ. ಚಾಲಕನ ಕೈ ಅವುಗಳಿಗೆ ಅಡ್ಡಿಯಾಗದಿದ್ದರೆ ಸಾಕು. ಸ್ಪ್ರಿಂಗ್ ಬಿಗಿದ ಗಾಲಿಗಳನ್ನು ಅದೇ ಕ್ಷಣದಲ್ಲಿ ಸ್ಪ್ರಿಂಗ್ ಅದಕ್ಕೆ ವಿರುದ್ಧವಾಗಿ ಎಳೆಯುತ್ತಿರುತ್ತದೆ. ಪರೀಕ್ಷಕನ ಕಣ್ಣನ್ನು ಸ್ಪ್ರಿಂಗಿನಿಂದ ವಂಚಿಸಬಹುದು, ತಿರುವನ್ನು ವಂಚಿಸಲಾಗದು.

ಇತ್ತೀಚಿನ ಕಾರುಗಳಲ್ಲಿ ವಿದ್ಯುತ್ ಮೋಟಾರು ಸ್ಟೀರಿಂಗನ್ನು ತಿರುಗಿಸಲೂ ನೇರಕ್ಕೆ ತರಲೂ ನೆರವಾಗುತ್ತದೆ. ಆದರೂ ಅವುಗಳ ಗಾಲಿಗಳ ಅಕ್ಷಗಳು ಓರೆಯಾಗಿಯೇ ಇವೆ.

ಬಿಣಗಾದ ಹಿತ್ತಿಲಿನ ಕಾರಿಗೆ ಮರಳಿದರೆ, ವಾಷರುಗಳನ್ನು ಬದಲಿಸಿದ ಮೇಲೆ ಕೆಲಸ ಮುಗಿಯಿತೆನ್ನುವಂತಿಲ್ಲ. ಕ್ಯಾಸ್ಟರ್ ಬದಲಾದಾಗ ಮುಂಗಾಲಿಗಳ ಅಂಚುಗಳ ಅಂತರವೂ ಬದಲಾಗಿರುತ್ತದೆ. ಅದನ್ನು ಮತ್ತೆ ಸರಿಪಡಿಸಿ, ಸಡಿಲಿಸಿದ ಬೋಲ್ಟುಗಳನ್ನೆಲ್ಲ ಬಿಗಿಮಾಡಿದ ಅನಂತರವೇ ಕಾರನ್ನು ಬಯಲಿಗೆ ಇಳಿಸಬೇಕು. ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಅಗಲವಾದ ವೃತ್ತದಲ್ಲಿ ಓಡಿಸುತ್ತ, ಕೈಗಳನ್ನು ಸ್ಟೀರಿಂಗಿನ ಪಕ್ಕದಲ್ಲಿಯೇ ಇಟ್ಟುಕೊಂಡು ಹಿಡಿತವನ್ನು ಸಡಿಲಿಸಬೇಕು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ಎರಡು ಕಡೆಯಿಂದಲೂ ಒಂದೇ ಸಮನಾಗಿ ಹಿಂದಿರುಗಬೇಕು. ಕೆಲವು ನೂರು ಕಿಲೋಮೀಟರ್ ಓಡಿ ಹೊಸ ಬುಶ್‌ಗಳು ತಮ್ಮ ಜಾಗದಲ್ಲಿ ಕುಳಿತುಕೊಂಡ ಬಳಿಕ ತೂಗುಗುಂಡನ್ನೂ ಗ್ರೀಸ್ ಸವರಿದ ತಗಡುಗಳನ್ನೂ ಇನ್ನೊಮ್ಮೆ ಹೊರತೆಗೆದು, ಕೋನವನ್ನು ಮತ್ತೆ ಅಳೆದು ನೋಡಬೇಕಾಗುತ್ತದೆ.